ನೋಡಿರದ ಊರಿನ ಸಂಜೆ

ಶಿವಾನಿಗೆ ಪಾಸ್‌ಪೋರ್ಟ್ ಇರಲಿಲ್ಲ. ರಾಜ್ಯದ ಗಡಿ ದಾಟಿ ಅವಳು ಹೋಗಿದ್ದೆಂದರೆ ತಿರುಪತಿಗೆ, ಅದೂ ತಮ್ಮನ ಮುಡಿ ಕೊಡಿಸುವುದಕ್ಕೆ. ಆದರೂ ಇಂಗ್ಲೆಂಡಿನ ಸ್ಟೋನ್‌ಬ್ರೂಕ್ ಎಂಬ ಹಳ್ಳಿಯಲ್ಲಿ ಯಾವ ಮನೆಯ ಬಾಗಿಲಿಗೆ ಯಾವ ಬಣ್ಣ ಎಂದು ಕೇಳಿದರೆ ಅವಳು ತಡವರಿಸದೆ ಹೇಳಬಲ್ಲವಳಾಗಿದ್ದಳು.

ಶ್ರೀನಿವಾಸಪುರದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಅವಳು ಕೋಲಾರದ ಚಂದ್ರಮೋಹನ್ ಅವರ ಟ್ರಾವೆಲ್ಸ್ ಅಂಗಡಿಗೆ ಸೇರಿದ್ದಳು. ಬೆಳಗಿನ ಬಸ್ಸಿಗೆ ಯಲ್ದೂರಿನಿಂದ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ತಿರುಪತಿ, ಅರುಣಾಚಲದ ಯಾತ್ರೆಗೆ ಹೊರಟವರು. ವಿಮಾನದ ಟಿಕೆಟ್ ಕೇಳಿಕೊಂಡು ಅಪರೂಪಕ್ಕೆ ಒಬ್ಬರು ಬಂದರೆ ಚಂದ್ರಮೋಹನ್ ತಾವೇ ಎದ್ದು ಫ್ಯಾನಿನ ವೇಗ ಹೆಚ್ಚಿಸುತ್ತಿದ್ದರು.

"ನೋಡಮ್ಮ, ನೀನು ಹೋಗಿದ್ದೀಯಾ ಅಂತ ಗಿರಾಕಿ ಕೇಳಿದ್ರೆ ಹೋಗಿದ್ದೀನಿ ಅನ್ನು," ಎಂದು ಸೇರಿದ ಹೊಸತರಲ್ಲೇ ಹೇಳಿಕೊಟ್ಟಿದ್ದರು. "ಊಟ ಮಾಡ್ದೇ ಇರೋರ ಹತ್ರ ರುಚಿ ಹೆಂಗಿತ್ತು ಅಂತ ಯಾರು ಕೇಳ್ತಾರೆ?"

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಶಿವಾನಿ ಕಂಪ್ಯೂಟರಿನಲ್ಲಿ ಪರದೇಶದ ಬೀದಿಗಳನ್ನು ಸುತ್ತುತ್ತಿದ್ದಳು. ಒಂದು ಒತ್ತು ಒತ್ತಿದರೆ ಹತ್ತು ಹೆಜ್ಜೆ. ಹಾಗೆ ಒತ್ತುತ್ತಾ ಒತ್ತುತ್ತಾ ಸ್ಟೋನ್‌ಬ್ರೂಕಿಗೆ ಹೋದದ್ದಕ್ಕೆ ಕಾರಣವಿತ್ತು. ಅವಳು ಓದಿದ ಯಲ್ದೂರು ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಮೇಷ್ಟ್ರು ಕೋದಂಡರಾಮಪ್ಪನವರ ಕುರ್ಚಿಯ ಹಿಂದೆ ಒಂದು ಹಳೆಯ ಕ್ಯಾಲೆಂಡರ್ ತೂಗುತ್ತಿತ್ತು. ಕಲ್ಲಿನ ಮನೆಗಳು, ಕಲ್ಲಿನ ಸೇತುವೆ, ನೀರಿನಲ್ಲಿ ಬಾತುಕೋಳಿ, ಕೆಳಗೆ ಸಣ್ಣ ಅಕ್ಷರದಲ್ಲಿ ಊರಿನ ಹೆಸರು. ವರ್ಷ ಮುಗಿದು ಎಷ್ಟೋ ವರ್ಷಗಳಾದರೂ ಅದನ್ನು ಇಳಿಸಲು ಅವರು ಯಾರಿಗೂ ಬಿಡಲಿಲ್ಲ. "ತಾರೀಖು ಹಳೇದಾಗ್ತದೆ, ಊರು ಹಳೇದಾಗ್ತದಾ?" ಎನ್ನುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ದಿನ ಅದೇ ಮೇಷ್ಟ್ರು ಹೆಂಡತಿ ಶ್ಯಾಮಲಮ್ಮನವರನ್ನು ಕರೆದುಕೊಂಡು ಮುಳಬಾಗಿಲಿನಿಂದ ಅಂಗಡಿಗೆ ಬಂದರು. ನಿವೃತ್ತರಾಗಿ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಶ್ಯಾಮಲಮ್ಮನ ಅಣ್ಣನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಡಿಸೆಂಬರಿನಲ್ಲಿ ಅವಳ ಸೀಮಂತ. ಟಿಕೆಟ್ ಮಾಡಿಸಬೇಕಿತ್ತು.

"ಹೋದ ಮಾರನೇ ದಿನ ಅವಳಿಗೂ ಅವಳ ಗಂಡನಿಗೂ ಡ್ಯೂಟಿ ಅಂತೆ," ಎಂದರು ಮೇಷ್ಟ್ರು, ಸ್ವಲ್ಪ ನಾಚಿಕೊಂಡು. "ಆ ಒಂದು ದಿನ ನಾವಿಬ್ಬರೇ ನಮ್ಮ ಕ್ಯಾಲೆಂಡರ್ ಊರಿಗೆ ಹೋಗಿ ಬರೋಣ ಅಂತ. ದಾರಿ ಗೊತ್ತು ಮಾಡಿಕೊಡ್ತೀಯಾ?"

ಶಿವಾನಿಯ ಮುಖ ಅರಳಿತು. ರೈಲು, ಬಸ್ಸು, ಇಗರ್ಜಿ, ಹಳೆಯ ಹಿಟ್ಟಿನ ಗಿರಣಿ, ಚಹಾದಂಗಡಿ ಎಲ್ಲವನ್ನೂ ಅವಳು ಬೆರಳಿನಿಂದ ಮೇಜಿನ ಮೇಲೆ ಗೀಚಿ ಗೀಚಿ ತೋರಿಸಿದಳು. ಶ್ಯಾಮಲಮ್ಮ ಬೆರಳನ್ನೇ ನೋಡುತ್ತಿದ್ದರು.

"ಇವಳಿಗೆ ಹೊತ್ತು ಮುಳುಗಿದ್ರೆ ಕಣ್ಣು ಮಂಜು ಕಣಮ್ಮ," ಎಂದರು ಮೇಷ್ಟ್ರು. "ಚಳಿಗಾಲದಲ್ಲಿ ಅಲ್ಲಿ ಬೇಗ ಕತ್ತಲಾಗುತ್ತಂತಲ್ಲ?"

"ಇಲ್ಲ ಸಾರ್. ಐದೂವರೆವರೆಗೂ ಬೆಳಕಿರುತ್ತೆ. ಆ ಹೊತ್ತಿಗೆ ಸೇತುವೆ ಹತ್ರ ಕೂತಿರಿ. ಕಲ್ಲೆಲ್ಲಾ ಜೇನಿನ ಬಣ್ಣಕ್ಕೆ ತಿರುಗುತ್ತೆ. ಆಮೇಲೆ ಹೊಳೆ ಪಕ್ಕದ ಕಾಲುದಾರೀಲಿ ನಿಧಾನಕ್ಕೆ ನಡೆದ್ರೆ ಬಸ್‌ಸ್ಟಾಪು."

ಮೇಷ್ಟ್ರು ಕನ್ನಡಕ ತೆಗೆದರು. "ನೀನು ಹೋಗಿದ್ದೀಯಾ?"

ಒಳಗಿನ ಮೇಜಿನಿಂದ ಚಂದ್ರಮೋಹನ್ ಕೆಮ್ಮಿದರು. ಅವರು ಕೆಮ್ಮದಿದ್ದರೂ ಅವಳು ಅದನ್ನೇ ಹೇಳುತ್ತಿದ್ದಳೇನೋ. ಮುಂದೆ ಎಷ್ಟೋ ಸಲ ಅವಳನ್ನು ಚುಚ್ಚಿದ್ದು ಇದೇ.

"ಹೋಗಿದ್ದೀನಿ ಸಾರ್. ಹೋದ ಡಿಸೆಂಬರ್‌ನಲ್ಲಿ."

"ಶ್ಯಾಮಲಾ, ಕೇಳಿದ್ಯಾ? ನಮ್ಮ ಸ್ಕೂಲಿನ ಹುಡುಗಿ!" ಮೇಷ್ಟ್ರ ಕಣ್ಣಂಚು ಒದ್ದೆಯಾಗಿತ್ತು.

ಅದಾಗಿ ಕೆಲವು ದಿನಗಳಿಗೆ ಮಾಲೂರಿನ ಚಂದನ ಎಂಬ ಹುಡುಗಿ ತನ್ನ ವಾಪಸ್ ಟಿಕೆಟ್ಟಿನ ದಿನ ಬದಲಾಯಿಸಲು ಬಂದಳು. ಇಂಗ್ಲೆಂಡಿನಲ್ಲಿ ಓದುತ್ತಿದ್ದಳು. ಈ ತಿಂಗಳು ಅಲ್ಲಿಗೆ ಹೋಗುವುದೆಂದರೆ ಬೇಜಾರು ಎಂದಳು. "ನಾಲ್ಕು ಗಂಟೆಗೆಲ್ಲಾ ಕಗ್ಗತ್ತಲು ಕಣ್ರೀ. ಕ್ಲಾಸಿಂದ ಆಚೆ ಬರೋದ್ರೊಳಗೆ ಬೀದಿ ದೀಪ ಹಚ್ಚಿರ್ತಾರೆ."

ಅವಳು ಹೋದ ಮೇಲೆ ಶಿವಾನಿ ಕಂಪ್ಯೂಟರಿನಲ್ಲಿ ಹುಡುಕಿದಳು. ನಿಜ. ಸ್ಟೋನ್‌ಬ್ರೂಕಿನ ಚಿತ್ರಗಳನ್ನು ಮತ್ತೆ ತೆಗೆದು ನೋಡಿದಳು. ಒಂದೊಂದು ಮರದಲ್ಲೂ ತುಂಬು ಎಲೆ. ಅಷ್ಟೂ ಬೇಸಿಗೆಯ ಚಿತ್ರಗಳು. ಯಲ್ದೂರಿನಲ್ಲಿ ಚಳಿಗಾಲವೆಂದರೆ ಮೇಕೆಗಳು ಒಂದಿಷ್ಟು ಬೇಗ ಮನೆಗೆ ತಿರುಗುತ್ತವೆ, ಅಷ್ಟೇ. ಮಧ್ಯಾಹ್ನದ ಬೆನ್ನಿಗೇ ಕತ್ತಲು ಬೀಳುವ ಊರನ್ನು ಅವಳು ಎಣಿಸಿಯೇ ಇರಲಿಲ್ಲ. ಮೇಷ್ಟ್ರು ಅನುಮಾನಪಟ್ಟಾಗಲೇ ನೋಡಬಹುದಿತ್ತು. ಆದರೆ ಹೋಗಿ ಬಂದವಳಿಗೆ ಹುಡುಕಿ ನೋಡುವ ಅಗತ್ಯವೇನು?

ಕೆಸರು ಕಾಲುದಾರಿ, ಪಕ್ಕದಲ್ಲಿ ಹೊಳೆ, ಕತ್ತಲಲ್ಲಿ ಕಣ್ಣು ಕಾಣದ ಶ್ಯಾಮಲಮ್ಮ. ಶಿವಾನಿಗೆ ಅನ್ನ ಸೇರಲಿಲ್ಲ.

ಅವಳ ಅಜ್ಜಿ ದೊಡ್ಡಗಂಗಮ್ಮ ಇದ್ದದ್ದು ಮಾವಿನ ತೋಪಿನಂಚಿನ ಮನೆಯಲ್ಲಿ. ಯಾರಾದರೂ ದಾರಿ ಕೇಳಿದರೆ ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟು, ದಾರಿ ಕವಲೊಡೆಯುವವರೆಗೂ ಜೊತೆಗೆ ನಡೆಯುತ್ತಿದ್ದಳು. ಗೊತ್ತಿಲ್ಲದ ಊರಾದರೆ, "ನಂಗೆ ತಿಳೀದು ಕಣಪ್ಪ, ಮುಂದೆ ಕೇಳು," ಎಂದು ಒಂದು ಚೊಂಬು ನೀರು ಕೊಡುತ್ತಿದ್ದಳು. ತಿಳಿಯದು ಎನ್ನಲು ಅಜ್ಜಿಗೆ ಒಂದು ದಿನವೂ ನಾಚಿಕೆಯಾದದ್ದನ್ನು ಶಿವಾನಿ ನೋಡಿರಲಿಲ್ಲ. ಓದಿದವಳು ತಾನು.

"ಅದಕ್ಯಾಕೆ ಇಷ್ಟು ಮುಖ ಬಾಡಿಸ್ಕೊಂಡಿದ್ದೀಯಾ?" ಎಂದರು ಚಂದ್ರಮೋಹನ್, ಅವಳು ಅಂಗಡಿಯಲ್ಲಿ ವಿಷಯ ಹೇಳಿದಾಗ. "ಬಸ್ ಟೈಮ್ ಬದಲಾಗಿದೆ, ಬೆಳಗ್ಗೆನೇ ಹೋಗಿ ಬನ್ನಿ ಅನ್ನು. ಮುಗೀತು."

ಭಾನುವಾರ ಆ ಮಾತನ್ನೇ ಬಾಯಲ್ಲಿಟ್ಟುಕೊಂಡು ಅವಳು ಮುಳಬಾಗಿಲಿಗೆ ಹೋದಳು.

ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಅದೇ ಕ್ಯಾಲೆಂಡರ್ ಇತ್ತು. ಪಕ್ಕದ ಮನೆಯ ದೊಡ್ಡವೆಂಕಟಪ್ಪ, ಟೊಮೇಟೊ ವ್ಯಾಪಾರಿ, ಕಾಲು ಚಾಚಿ ಕೂತಿದ್ದವರು ಅವಳನ್ನು ಕಂಡದ್ದೇ ಎದ್ದು ಕೂತು, ಅರ್ಧ ತೆಲುಗಿನಲ್ಲಿ ಬರಮಾಡಿಕೊಂಡರು.

"ರಾಮ್ಮಾ, ರಾ! ಇಂಗ್ಲೆಂಡ್ ನೋಡಿದ ಕಣ್ಣು ಇವೇನಾ? ನಿನ್ನ ಕತೆ ಈ ಬೀದೀಲಿ ಕೇಳ್ದೇ ಉಳಿದಿರೋದು ಆ ಕರಿ ನಾಯಿ ಒಂದೇ. ಅದಕ್ಕೂ ಇವತ್ತು ಸಾಯಂಕಾಲ ಹೇಳ್ತಾರೆ ನಿಮ್ಮ ಮೇಷ್ಟ್ರು."

"ಸುಮ್ನಿರೋ ವೆಂಕಟಪ್ಪ," ಎಂದು ಮೇಷ್ಟ್ರು ನಕ್ಕರು.

"ಅಲ್ಲಮ್ಮ, ಅಲ್ಲಿ ಟೊಮೇಟೊ ಹೆಂಗಿರ್ತದೆ? ನಮ್ಮ ನಾಟಿ ಥರ ಹುಳಿ ಇರ್ತದಾ?"

ಶಿವಾನಿ "ಅಷ್ಟು ಹುಳಿ ಇರಲ್ಲ" ಎಂದುಬಿಟ್ಟಳು. ಒಂದನ್ನು ಮುಚ್ಚಲು ಬಂದವಳು ಮತ್ತೊಂದನ್ನು ಸೇರಿಸಿದ್ದಳು, ಅದೂ ಟೊಮೇಟೊದ ವಿಷಯದಲ್ಲಿ.

ಶ್ಯಾಮಲಮ್ಮ ಒಳಗಿನಿಂದ ಹೊಸ ಸ್ವೆಟರ್, ಕಾಲುಚೀಲ ತಂದು ತೋರಿಸಿದರು. ಪುಳಿಯೋಗರೆ ಗೊಜ್ಜು ಮಾಡಿಟ್ಟಾಗಿತ್ತು. "ಮೊದಲು ನಂಗೆ ಭಯ ಇತ್ತು ಕಣೇ. ಕಣ್ಣು ಹಿಂಗೆ, ಊರು ಹೊಸದು. ಆಮೇಲೆ ಅಂದ್ಕೊಂಡೆ, ನಮ್ಮ ಹುಡುಗಿ ನಡೆದಿರೋ ದಾರಿ ತಾನೇ."

ಶಿವಾನಿ ತಲೆ ತಗ್ಗಿಸಿಕೊಂಡೇ ಬಸ್ಸಿನ ಮಾತು ಎತ್ತಿದಳು. ಸಂಜೆಯ ಬಸ್ಸು ನಿಲ್ಲಿಸಿದ್ದಾರೆ, ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೇ ಹೊರಟುಬಿಡಿ ಎಂದಳು.

"ಛೆ! ಬಸ್ಸಿಲ್ದಿದ್ರೆ ಟ್ಯಾಕ್ಸಿ," ಎಂದರು ಮೇಷ್ಟ್ರು. "ಅಷ್ಟು ದೂರ ಹೋಗಿ ಆ ಐದೂವರೆ ಬೆಳಕು ಬಿಟ್ಟು ಬರೋಕಾಗುತ್ತಾ? ನೀನು ಹೇಳಿದ ದಿನದಿಂದ ನಾನು ಕಾಯ್ತಿರೋದೇ ಅದಕ್ಕೆ."

ಸಂಜೆ ಅವಳು ಹೊರಟಾಗ ಮೇಷ್ಟ್ರು ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದರು. ಊರಾಚೆಯ ಬೆಟ್ಟದ ಬಂಡೆಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಕಲ್ಲು ಕೆಂಪಗೆ ಕಾಣುತ್ತಿತ್ತು. ಅವಳಿಗೆ ಅದನ್ನು ನೋಡಲಾಗಲಿಲ್ಲ.

"ಸಾರ್, ನಾನು ಹೋಗಿಲ್ಲ."

"ಎಲ್ಲಿಗೆ?"

"ಇಂಗ್ಲೆಂಡಿಗೆ. ಪಾಸ್‌ಪೋರ್ಟೇ ಇಲ್ಲ ಸಾರ್. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕಕ್ಕೆ ಕತ್ತಲಾಗ್ತದೆ. ಬಸ್ಸು ನಿಂತಿಲ್ಲ, ಅದೂ ಸುಳ್ಳು. ಅಮ್ಮನ್ನ ಆ ಕಾಲುದಾರೀಲಿ ಕರ್ಕೊಂಡು ಹೋಗ್ಬೇಡಿ."

ಮೇಷ್ಟ್ರು ನಿಂತರು. ಪಕ್ಕದಲ್ಲಿ ಹೂ ಮಾರುವವಳು ಮೊಳ ಹಾಕುವುದನ್ನು ನೋಡಿದರು.

"ಮತ್ತೆ ಆ ಜೇನಿನ ಬಣ್ಣ?"

"ಅದು ನಮ್ಮೂರ ಕೆರೆ ಕಟ್ಟೆ ಸಾರ್," ಎಂದಳು. ಹೇಳುವಾಗಲೇ ಅವಳಿಗೂ ಹೊಳೆದದ್ದು. "ಸ್ಕೂಲು ಬಿಟ್ಟು ಹೋಗುವಾಗ ಕಾಣ್ತಿತ್ತು."

ಆ ಸ್ಕೂಲಿನಿಂದ ಹೊರಟು, ಅದೇ ಕಟ್ಟೆಯ ಮೇಲೆ ಬಸ್ಸು ಹಿಡಿಯಲು ಎಷ್ಟೋ ವರ್ಷ ನಡೆದವರು ಮೇಷ್ಟ್ರು. ಬೈಯುತ್ತಾರೆ ಎಂದು ಕಾದಳು. ಅವರು ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.

"ಹೊಸದಾಗಿ ಬರೆದು ಕಳಿಸು. ಬೆಳಗಿನ ಬಸ್ಸು ನೋಡು," ಎಂದರು ಕೊನೆಗೆ. ಬಸ್ಸು ಬಂತು. ಅದು ಹೊರಡುವ ತನಕ ಅವರು ನಿಂತೇ ಇದ್ದರು. ಆದರೆ ಕೈ ಎತ್ತಲಿಲ್ಲ.

ಅವಳು ಬೆಳಗಿನ ಬಸ್ಸು ನೋಡಿ ಹೊಸದಾಗಿ ಬರೆದು ಕಳಿಸಿದಳು. ಸಂಕ್ರಾಂತಿ ಕಳೆಯಿತು. ಮೇಷ್ಟ್ರು ಊರಿಗೆ ವಾಪಸಾದ ಸುದ್ದಿ ಬಂತು, ಅಂಗಡಿಗೆ ಮೇಷ್ಟ್ರು ಬರಲಿಲ್ಲ. ಅಂಗಡಿಯೆದುರು ಮುಳಬಾಗಿಲಿನ ಬಸ್ಸು ಬಂದು ನಿಂತಾಗಲೆಲ್ಲ ಶಿವಾನಿ ಮುಖ ಪರದೆಯತ್ತ ತಿರುಗಿಸಿಕೊಳ್ಳುತ್ತಿದ್ದಳು. ಸ್ಟೋನ್‌ಬ್ರೂಕಿನ ಬೀದಿಗಳಿಗೆ ಮಾತ್ರ ಅವಳು ಮತ್ತೆ ಹೋಗಲಿಲ್ಲ.

ಮಾವು ಹೂ ಬಿಡುವ ಕಾಲಕ್ಕೆ ಒಂದು ಮಧ್ಯಾಹ್ನ ಅವರು ಬಂದರು. ಜೊತೆಗೆ ದೊಡ್ಡವೆಂಕಟಪ್ಪ.

"ಏಮ್ಮಾ, ಬಾಗುನ್ನಾವಾ?" ಎಂದು ಕ್ಷೇಮ ಕೇಳುತ್ತಾ ವೆಂಕಟಪ್ಪ ಕುರ್ಚಿ ಎಳೆದುಕೊಂಡರು. "ಇವರು ನೋಡಿದ್ದನ್ನ ನಾನು ನೋಡ್ದೇ ಬಿಟ್ರೆ ನಮ್ಮ ಮನೆಯವಳು ನನ್ನ ಬಿಡಲ್ಲ. ಮೇ ತಿಂಗಳಲ್ಲಿ ಹೋಗ್ಬೇಕು. ಆ ಸಾಯಂಕಾಲದ ಬೆಳಕು ಇವರಿಗೆ ಸಿಗಲಿಲ್ವಂತೆ. ಮೇನಲ್ಲಾದ್ರೂ ಸಿಗ್ತದಾ? ನೀನು ನೋಡಿರೋಳಲ್ವಾ, ಹೇಳು."

ಶಿವಾನಿ ಬೆಚ್ಚಿದಳು. ಮೇಷ್ಟ್ರು ಯಾರಿಗೂ ಹೇಳಿರಲಿಲ್ಲ. ಅವಳ ಸುಳ್ಳು ಆ ಬೀದಿಯಲ್ಲಿ ಇನ್ನೂ ಮರ್ಯಾದೆಯಿಂದ ಓಡಾಡಿಕೊಂಡಿತ್ತು, ಅವರ ದೆಸೆಯಿಂದ. ಅವಳು ಅವರತ್ತ ನೋಡಿದಳು. ಅವರು ಬಾಗಿಲಾಚೆ ರಸ್ತೆಯನ್ನು ನೋಡುತ್ತಿದ್ದರು. ಒಳಗಿನ ಮೇಜಿನಿಂದ ಕೆಮ್ಮು ಕೇಳಿಸಿತು.

"ಇಲ್ಲ," ಎಂದಳು ಶಿವಾನಿ. "ನಾನು ಹೋಗಿಲ್ಲ. ಅವತ್ತು ಸುಳ್ಳು ಹೇಳಿದ್ದೆ. ಟೊಮೇಟೊ ಹುಳಿಯೋ ಸಿಹಿಯೋ, ಅದೂ ನಂಗೆ ಗೊತ್ತಿಲ್ಲ."

ವೆಂಕಟಪ್ಪನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಚಂದ್ರಮೋಹನ್ ಕುರ್ಚಿ ಹಿಂದೆ ತಳ್ಳಿ ಎದ್ದ ಸದ್ದಾಯಿತು. ಈ ಕೆಲಸ ಇನ್ನು ಉಳಿಯುತ್ತದೋ ಇಲ್ಲವೋ ಎಂಬ ಯೋಚನೆಯೂ ಆ ಗಳಿಗೆಯಲ್ಲಿ ಅವಳಿಗೆ ಬರಲಿಲ್ಲ.

ಮೇಷ್ಟ್ರು ತಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.

"ಆ ಕಂಪ್ಯೂಟರ್ ಇತ್ತ ತಿರುಗಿಸಮ್ಮ," ಎಂದರು. "ಆ ಊರಿನ ಬಸ್‌ಸ್ಟಾಪಿಂದ ಶುರು ಮಾಡು. ನಾನು ಶ್ಯಾಮಲಾ ನಡೆದಿದ್ದು ಯಾವ ದಾರಿ ಅಂತ ತೋರಿಸ್ತೀನಿ. ಬರ್ಕೋ."

ಅವಳು ತಿರುಗಿಸಿದಳು. ಪರದೆಯ ಮೇಲೆ ಎಲೆ ತುಂಬಿದ ಮರಗಳು ಬಂದವು. ಮೇಷ್ಟ್ರ ಬೆರಳು ನಿಧಾನವಾಗಿ ಸರಿಯುತ್ತಾ ಹೋಯಿತು, ಅವಳು ತಲೆ ಎತ್ತದೆ ಬರೆದುಕೊಳ್ಳುತ್ತಾ ಹೋದಳು.