ಅಪ್ಪನ ಎತ್ತರದ ಮೂಳೆ

ಎಲಿಸೆಯೊ ಹುಯೆಂಚುಲ್‌ನ ಮುತ್ತಜ್ಜ ಸೈನ್ಯದವರ ಕಣ್ಣು ತಪ್ಪಿಸಿ ನೂರಿಪ್ಪತ್ತು ಮೇಕೆಗಳನ್ನು ಬೆಟ್ಟ ದಾಟಿಸಿದವನು. ಅಜ್ಜ ಮಾನ್ಕೆಲ್, ಬಂಡೆಯಂಥ ನೆಲದಲ್ಲಿ ಒಬ್ಬನೇ ಬಾವಿ ತೋಡಿ ನೀರು ಕಂಡವನು. ಅಪ್ಪ ಸೆಲೆದೋನಿಯೊ, ತಪ್ಪಿಸಿಕೊಂಡ ಮೇಕೆಯನ್ನು ಹುಡುಕುತ್ತ ಕೊರಕಲಿಗಿಳಿದು, ಮಣ್ಣಿನಿಂದ ಇಣುಕುತ್ತಿದ್ದ ಡೈನೋಸಾರಿನ ತೊಡೆಮೂಳೆಯನ್ನು ಮೊದಲು ಕಂಡವನು. ಪಂಡಿತರು ಬಂದು ಮೂಳೆಯನ್ನು ರಾಜಧಾನಿಗೆ ಹೊತ್ತೊಯ್ದರು. ಅಪ್ಪನಿಗೆ ಚಹಾದಂತೆ ಕುದಿಸುವ ಯೆರ್ಬಾ ಎಲೆಯ ಒಂದು ಚೀಲ ಕೊಟ್ಟು, ಕುಡಿದು ಸುಖವಾಗಿರು ಎಂದರು. ಮರುವರ್ಷವೇ ಅವನು ಕುದುರೆಯಿಂದ ಬಿದ್ದು ಸತ್ತ. ಎಲಿಸೆಯೊಗೆ ಆಗ ಮೂರು ವರ್ಷ.

"ನಿಮ್ಮಪ್ಪ ಆ ಮೂಳೆಯಷ್ಟೇ ಎತ್ತರ ಇದ್ದ ಕಣೋ. ಈ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರೋನು," ಎಂದು ತಾಯಿ ಹೇಳುತ್ತಿದ್ದಳು.

ಇಂಥ ವಂಶದವನಿಗೆ ಸೆರ್ರೊ ಪಾರ್ದೊ ಊರಿನ ಗೊಂಬೆಗಾರರು ಕಾಲಕಸವಾಗಿ ಕಂಡರೆ ಆಶ್ಚರ್ಯವೇನು? ಮೂಳೆ ಸಿಕ್ಕ ಊರೆಂಬ ಒಂದೇ ಹೆಮ್ಮೆಗೆ ಅಲ್ಲಿ ಕ್ಷೌರಿಕನಿಂದ ಪಾದ್ರಿಯವರೆಗೆ ಎಲ್ಲರೂ ಡೈನೋಸಾರ್ ಮಾಡುವವರೇ. ಅಂಗಡಿಯ ಪ್ಲಾಸ್ಟಿಕ್ಕಿಗೆ ಹಸಿರು ಬಳಿದು ಕಲೆಯೆಂದು ಬೀಗುವವರು ಕೆಲವರು. ಅಗ್ನಿಶಾಮಕ ದಳದ ಬಸ್ತಿದಾಸ್ ಊರ ಮುಂದೆ ನಿಲ್ಲಿಸಿದ ಸಿಮೆಂಟಿನ ಮೃಗಕ್ಕಂತೂ ಮುಂಗಾಲಿಗೆ ಐದೈದು ಉಗುರು, ಆನೆಗಿದ್ದ ಹಾಗೆ! ಆ ಜಾತಿಯ ಮೃಗಕ್ಕೆ ಮುಂಗಾಲಲ್ಲಿ ಬೆರಳೇ ಇಲ್ಲ. ಕಂಬದಂತೆ ಬೋಳು.

"ಏನಯ್ಯಾ ಬಸ್ತಿದಾಸ್, ಉಗುರಿಗೆ ಕೆಂಪು ಬಣ್ಣ ಯಾವಾಗ ಹಚ್ತೀಯ? ಮದುವೆಗೆ ಹೊರಟಳಾ ನಿನ್ನ ಹುಡುಗಿ?" ಎಂದು ಎಲಿಸೆಯೊ ಬೇಕರಿಯ ಸಾಲಿನಲ್ಲಿ ನಿಂತೇ ಕೇಳಿದ್ದ.

"ಮುದಿಯಾ, ನಿನ್ನ ಬಾಯಿಗಿಂತ ಅದರ ಉಗುರೇ ವಾಸಿ," ಎಂದಿದ್ದ ಬಸ್ತಿದಾಸ್.

ಎಲಿಸೆಯೊನ ಕೆಲಸದ ರೀತಿಯೇ ಬೇರೆ. ತಂತಿಯ ಎಲುಬುಗೂಡು, ಅದರ ಮೇಲೆ ಅಂಟುಮಣ್ಣಿನ ಮಾಂಸ, ಸೂಜಿಮೊನೆಯಿಂದ ಒಂದೊಂದೇ ಹುರುಪೆ. ಗಾಳಿ ಏಳುವ ಮುನ್ನ, ಬೆಳಗಿನ ಎರಡು ತಾಸು ಮಾತ್ರ ಬಣ್ಣ. ಆಮೇಲೆ ಹಸಿ ಬಣ್ಣದ ಮೇಲೆ ಧೂಳು ಕೂರುತ್ತದೆ. ಎಲ್ಲವೂ ನಿಜದ ಇಪ್ಪತ್ತರಲ್ಲೊಂದು ಪಾಲು. ಹಾಗೆ ಮಾಡಿದ ಹನ್ನೊಂದು ಮೃಗಗಳು ಊರಿನ ವಸ್ತುಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ ಸಾಲಾಗಿದ್ದವು. ಹನ್ನೆರಡನೆಯ ಜಾಗ ಅಪ್ಪನ ಮೃಗಕ್ಕೆ. ಪಕ್ಕದಲ್ಲಿ ಬರಿದಲೆಯ ಅಪ್ಪನ ಗೊಂಬೆ. ಮೂರು ವರ್ಷದ ಕೆಲಸ. ಮೂಳೆ ರಾಜಧಾನಿಯಿಂದ ಮರಳಿ ಬರುವ ವಾರದ ಭಾನುವಾರವೇ ಅದನ್ನೂ ಈ ಗೊಂಬೆಗಳನ್ನೂ ಊರಿಗೆ ತೋರಿಸುವುದೆಂದು ನಿಶ್ಚಯವಾಗಿತ್ತು.

ಮೂಳೆಯ ಅಳತೆ ಕೇಳಿ ಪಂಡಿತರಿಗೆ ಕಾಗದ ಬರೆಯಬಹುದಿತ್ತು. ಯೆರ್ಬಾ ಚೀಲದವರನ್ನು ಕೇಳುವುದುಂಟೆ? ಎಲಿಸೆಯೊ ಮನೆಯ ಬಾಗಿಲನ್ನೇ ಅಳೆದ. ಅದು ನೂರೆಪ್ಪತ್ತೈದು ಸೆಂಟಿಮೀಟರ್. ಬಗ್ಗುತ್ತಿದ್ದನೆಂದರೆ ಅಪ್ಪ ನೂರೆಂಬತ್ತು. ಮೂಳೆಯೂ ಅಷ್ಟೇ. ಹಾಗಾಗಿ ಗೊಂಬೆಯಲ್ಲಿ ಅಪ್ಪನಿಗೆ ಒಂಬತ್ತು ಸೆಂಟಿಮೀಟರ್, ಮೃಗದ ತೊಡೆಗೂ ಒಂಬತ್ತು.

ಗುರುವಾರ ಮೂಳೆ ವಸ್ತುಸಂಗ್ರಹಾಲಯಕ್ಕೆ ಬಂತು. ಹೊಸ ಗೊಂಬೆಗಳೂ ಅಲ್ಲೇ ಮೇಜಿನ ಮೇಲಿದ್ದವು. ಬಸ್ತಿದಾಸ್ ಮತ್ತವನ ಜೊತೆಗಾರರು ಇಳಿಸಿದರು. ಕಪಾಟಿನ ಉಸ್ತುವಾರಿಯ ರೋಮಿನಾ ಟೇಪು ಹಿಡಿದಳು.

"ನೂರಾ ಅರವತ್ತು, ದೋನ್ ಎಲಿಸೆಯೊ."

"ನಿನ್ನ ಟೇಪು ಕೆಟ್ಟಿದೆ ಕಣಮ್ಮಾ."

ತನ್ನದೇ ಟೇಪು ಹಿಡಿದ. ನೂರಾ ಅರವತ್ತು. ಆಗ ನೆನಪಾಯಿತು: ಅಪ್ಪ ಸತ್ತ ಮೇಲೆ ಕಬ್ಬಿಣದ ಒಲೆ ಒಳಗೆ ಹೋಗಲಿಲ್ಲವೆಂದು ಚಿಕ್ಕಪ್ಪ ಬಾಗಿಲ ತಲೆಯೊಡೆದು ಎತ್ತರಿಸಿದ್ದ. ಅಪ್ಪ ಬಗ್ಗುತ್ತಿದ್ದುದು ಹಳೆಯ ಬಾಗಿಲಿಗೆ. ಅಪ್ಪ ಗಿಡ್ಡ, ಅಳೆದವನು ಹೆಡ್ಡ.

ಬಸ್ತಿದಾಸ್ ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಗೊಂಬೆಯ ಚೀಟಿಯಲ್ಲಿ ಇಪ್ಪತ್ತರಲ್ಲೊಂದು ಅನ್ನೋದನ್ನ ಹೊಡೆದು ಹದಿನೆಂಟರಲ್ಲೊಂದು ಅಂತ ಬರಿಯಯ್ಯ. ಮೃಗವೂ ಸರಿಹೋಯ್ತು, ನಿಮ್ಮಪ್ಪನೂ ಸರಿಹೋದ. ಯಾರಿಗೆ ಗೊತ್ತಾಗುತ್ತೆ?" ಎಂದ ಬಸ್ತಿದಾಸ್. "ಅದೂ ಬೇಡವಾ? ಮಣ್ಣು ನಾನು ಕಲೆಸ್ತೀನಿ. ಇಬ್ಬರೂ ಕೂತರೆ ಭಾನುವಾರಕ್ಕೆ ಹೊಸದು ಎದ್ದೀತು."

ಎಲಿಸೆಯೊ ಜೇಬಿನಿಂದ ತಂತಿಕತ್ತರಿ ತೆಗೆದು ಮೃಗದ ಹಿಂಗಾಲನ್ನು ತೊಡೆಯಲ್ಲೇ ಕತ್ತರಿಸಿದ.

"ಹದಿನೆಂಟಂತೆ! ಆ ಹನ್ನೊಂದರ ಪಕ್ಕ ಇಂಥದು ನಿಲ್ಲಬೇಕಾ? ಭಾನುವಾರ ಜಾಗ ಖಾಲಿ ಇರಲಿ, ಬಂದೋರು ನೋಡಲಿ. ಗಿಡ್ಡ ಅಪ್ಪನನ್ನ ನಾನೇ ಮಾಡ್ತೀನಿ. ನೀನು ಮಾತ್ರ ಕೈ ಹಾಕಬೇಡ ಬಸ್ತಿದಾಸ್, ಮುಂಗಾಲಿಗೆ ಉಗುರು ಮೂಡಿಬಿಡ್ತವೆ."