ಗದ್ದೆಯ ಬದಿಗೆ ಬಿಟ್ಟ ಎಂಟಡಿ ಸಂದು

೧೯೯೧ರಲ್ಲಿ, ಏಳನೇ ತರಗತಿಯ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ಕಾಸರಗೋಡಿನ ಕಡೆಯ ಕಲ್ಲುಕೋರೆಯೊಂದರಲ್ಲಿ ಮುರಕಲ್ಲು ಹೊತ್ತೆ, ಆಮೇಲೆ ಕಲ್ಲು ಕಟ್ಟಲು ಕಲಿತೆ, ಕೊಚ್ಚಿಗೆ ಬಂದು ಮೇಸ್ತ್ರಿಯಾದೆ. ನನ್ನ ಗೋಡೆಗೆ ತೂಗುಗುಂಡು ಹಿಡಿದು ನನ್ನ ತಲೆ ತಗ್ಗಿಸಿದವರು ಇವತ್ತಿನ ತನಕ ಯಾರೂ ಇಲ್ಲ. ಜಂಬಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಿ. ಜಂಬವೇ.

ತ್ರಿಪ್ಪುಣಿತ್ತುರದ ಆಚೆ ಒಬ್ಬ ಮುದುಕಿಗೆ ಮೂರು ಎಕರೆ ಇತ್ತು. ಒಂದು ಎಕರೆ ಎತ್ತರದ ತೆಂಗಿನ ತೋಟ. ಉಳಿದೆರಡು ಉಪ್ಪುನೀರು ಏರುವ ಗದ್ದೆ: ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಅದೇ ನೀರಿನಲ್ಲಿ ಸಿಗಡಿ. ತಿರುವನಂತಪುರದ ಪಟ್ಟಂನಲ್ಲಿ ಆಫೀಸು ಇಟ್ಟಿದ್ದ ಪ್ಲಾನರ್ ಮೇಡಂ ಒಬ್ಬರು ಆ ಜಾಗಕ್ಕೆ ನಕ್ಷೆ ಹಾಕಿದರು. ಇಪ್ಪತ್ತನಾಲ್ಕು ಮನೆ, ಎಲ್ಲವೂ ಆ ಒಂದು ಎಕರೆಯಲ್ಲೇ, ಒಂದಕ್ಕೊಂದು ತಾಗಿಕೊಂಡು. ಎರಡು ಮನೆಯ ನಡುವೆ ಒಂದೇ ಗೋಡೆ. ಎಲ್ಲರಿಗೂ ಒಂದೇ ಬಾವಿ. ಮನೆಗೊಂದೇ ಕಾರು, ಅದೂ ಗೇಟಿನ ಹತ್ತಿರ. ಗದ್ದೆ ಇಪ್ಪತ್ತನಾಲ್ಕು ಮನೆಯ ಹೆಸರಿನಲ್ಲಿ ಒಟ್ಟಿಗೆ ಇರಬೇಕು, ಹಿಂದಿನಿಂದ ಗೇಯುತ್ತಿದ್ದ ಹೆಂಗಸರೇ ಗೇಯಬೇಕು, ಬೇರೆ ಯಾರೂ ಮುಟ್ಟಬಾರದು.

ಮುದುಕಿಗೆ ನಕ್ಷೆಯಲ್ಲಿ ನಂಬಿಕೆ ಇರಲಿಲ್ಲ. ನನ್ನನ್ನು ಕರೆಸಿದರು.

"ಗೆರೆ ಎಳೆದ ಕಾಗದ ನನಗೆ ಬೇಡ, ಮೇಸ್ತಿರೀ. ಕಟ್ಟುವವನು ನೀನು. ಕಂಡಂ ಉಳಿಯುತ್ತದಾ, ಅದು ಹೇಳು." ಗದ್ದೆಗೆ ಅವರು ಕಂಡಂ ಅನ್ನುತ್ತಿದ್ದರು.

"ಉಳಿಯುತ್ತದೆ ಅಮ್ಮಚ್ಚಿ. ನಾನು ನೋಡಿಕೊಳ್ಳುತ್ತೇನೆ."

"ಬಾಯಿಮಾತಾ?"

"ಬಾಯಿಮಾತಲ್ಲ. ಒಂದು ಮನೆ ನಾನೇ ತೆಗೆದುಕೊಳ್ಳುತ್ತೇನೆ."

ಇಪ್ಪತ್ತನಾಲ್ಕನೆಯದನ್ನು ತೆಗೆದುಕೊಂಡೆ. ಅವರು ಜಾಗದ ಪತ್ರಕ್ಕೆ ಸಹಿ ಹಾಕಿದರು.

ಮನೆಗಳಿಗೂ ಗದ್ದೆಗೂ ನಡುವೆ ಮೊಣಕಾಲೆತ್ತರದ ಮುರಕಲ್ಲಿನ ಕಟ್ಟೆ ಕಟ್ಟಿದೆ. ಕೊಯ್ಲಿನ ಹೆಂಗಸರು ಹೊರೆ ಹೊತ್ತು ದಾಟಲು ಅದರಲ್ಲಿ ಮೂರಡಿ ಸಂದು ಎಂದು ನಕ್ಷೆಯಲ್ಲಿತ್ತು. ನಾನು ಎಂಟಡಿ ಬಿಟ್ಟೆ. ಜಲ್ಲಿ ಮರಳು ಇಳಿಸಲು, ಮಿಕ್ಸರ್ ನಿಲ್ಲಿಸಲು ಗದ್ದೆಯ ಅಗಲವಾದ ದಂಡೆ ಬಿಟ್ಟರೆ ಬೇರೆ ಜಾಗ ಇರಲಿಲ್ಲ, ಗಾಡಿ ಅಲ್ಲಿಗೆ ಈ ಸಂದಿನಿಂದಲೇ ಹೋಗಬೇಕು. ಕೊನೆಗೆ ಐದಡಿ ಮುಚ್ಚಿದರಾಯಿತು, ಅರ್ಧ ದಿನದ ಕೆಲಸ ಅಂದುಕೊಂಡೆ. ಅಷ್ಟರಲ್ಲಿ ಮೇಡಂ ಪಟ್ಟಂನಲ್ಲಿ ದೊಡ್ಡ ಕಟ್ಟಡವೊಂದರ ಕೆಲಸ ಹಿಡಿದು, "ಮೇಸ್ತ್ರಿ, ನೀವೇ ಬರಬೇಕು" ಅಂದರು. ನೀವೇ ಅಂದರೆ ನನಗೆ ಮತ್ತೇನೂ ಕಾಣುವುದಿಲ್ಲ. ಮಿಕ್ಸರ್ ಕಟ್ಟಿಕೊಂಡು ಹೋದೆ.

ಈ ಕಡೆ ಗದ್ದೆ ತುಂಬಿಸುವವರಿಗೆ ಒಂದು ಹಂಗಾಮು ಉಂಟು, ಓಣಂ ರಜೆ. ಆಫೀಸುಗಳು ಸಾಲಾಗಿ ಮುಚ್ಚಿರುತ್ತವೆ, ಹಗಲಲ್ಲೇ ತುಂಬಿಸಿದರೂ ದೂರು ತೆಗೆದುಕೊಳ್ಳುವ ಜನ ಇರುವುದಿಲ್ಲ. ಆ ರಜೆಗೆ ನಾನು ರೈಲಿನಲ್ಲಿ ಎರ್ನಾಕುಲಕ್ಕೆ, ಅಲ್ಲಿಂದ ಮೆಟ್ರೋದಲ್ಲಿ ಬಂದೆ. ಹೆಂಡತಿ, ಮಗಳು ಊರಿಗೆ ಹೋಗಿದ್ದರು. ಗೇಟು ದಾಟುವಾಗಲೇ ಎಂಜಿನ್ ಸದ್ದು. ಆ ಸಂದಿನಲ್ಲಿ ಒಂದು ಸಣ್ಣ ಟಿಪ್ಪರ್, ಕನ್ನಡಿ ಮಡಚಿಕೊಂಡು ಹಿಂದಕ್ಕೆ ನುಗ್ಗುತ್ತಿತ್ತು. ಅರ್ಧ ಎಕರೆಯಷ್ಟು ಆಗಲೇ ಮುಚ್ಚಿಹೋಗಿತ್ತು; ಅದರಾಚೆ ಹಾಲು ತುಂಬುತ್ತಿದ್ದ ತೆನೆಯ ಮೇಲೆ ಕೆಂಪು ಮಣ್ಣು ಸುರಿಯಿತು. ಮಣ್ಣಿನಲ್ಲಿ ಒಡೆದ ಟೈಲ್ಸು, ಪ್ಲಾಸ್ಟಿಕ್ ಚೀಲ, ಯಾರದೋ ಮನೆಯ ಕಕ್ಕಸಿನ ಚೂರು.

ನಮ್ಮ ಅಸೋಸಿಯೇಷನ್ನಿನ ಸೆಕ್ರೆಟರಿ, ಬೆಂಗಳೂರಿನ ಹುಡುಗ, ಐಟಿ ಕೆಲಸದವನು, ಜರಿಯಂಚಿನ ಕಸವು ಮುಂಡು ಉಟ್ಟು ಪಾಯಸ ಕುಡಿಯುತ್ತಾ ನಿಂತಿದ್ದ.

"ಬನ್ನಿ ಅಂಕಲ್, ಪಾಯಸ ತಗೊಳ್ಳಿ."

"ಎಂತ ಇದು ಮಾರಾಯ್ರೆ?"

"ಪಾರ್ಕಿಂಗು. ಎಲ್ರ ಮನೇಲೂ ಎರಡೆರಡು ಕಾರ್ ಆಗ್ಬಿಟ್ಟಿದೆ. ಮೀಟಿಂಗಲ್ಲಿ ಪಾಸ್ ಆಯ್ತು, ನೀವೇ ಬರ್ಲಿಲ್ಲ."

"ಭತ್ತ ನಿಂತಿದೆ, ಕಣ್ಣು ಕಾಣುವುದಿಲ್ವಾ?"

"ಸೊಳ್ಳೆ ಸಾಕೋಕೆ ಎರಡು ಎಕರೆ ಯಾಕೆ ಅಂಕಲ್? ನಾವೂ ಪರಿಸರದೋರೇ. ಮೇಲ್ನೋಡಿ, ಸೋಲಾರ್." ಕುಡಿದು ಮುಗಿಸಿದ ಲೋಟವನ್ನು ಗದ್ದೆಗೇ ಎಸೆದ. "ಅಲ್ಲ, ದಾರಿ ಬಿಟ್ಟೋರೇ ನೀವಲ್ವಾ? ಅಳತೆ ತಗೊಂಡು ಬಿಟ್ಟಂಗಿದೆ ಅಂತ ಡ್ರೈವರ್ ಹೊಗಳ್ತಿದ್ದ. ಇಂಟರ್‌ಲಾಕ್ ಕಲ್ಲು ಹಾಸೋ ಕೆಲ್ಸ ನಿಮ್ಗೇ ಅಂತ ಎಲ್ರೂ ಒಪ್ಪಿದಾರೆ."

ಇವರು ಈ ಮನೆ ಕೊಂಡದ್ದೇ ಎದುರಿಗೆ ಹಸಿರು ಉಂಟೆಂದು. ಬಂದ ದಿನವೇ ಗದ್ದೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡ ಜನ. ಆಮೇಲೆ ಒಬ್ಬನಿಗೆ ಪಕ್ಕದ ಮನೆಯ ಕೆಮ್ಮು ಕೇಳಬಾರದು, ಇನ್ನೊಬ್ಬನಿಗೆ ಮನೆಯ ಸುತ್ತ ಸ್ವಂತ ಪಾಗಾರ ಬೇಕು, ಎಲ್ಲರಿಗೂ ಎರಡನೇ ಕಾರು ಬೇಕು. ಇಂಥವರಿಗೆ ನಾನು ತೂಗುಗುಂಡು ಹಿಡಿದು ಗೋಡೆ ಕಟ್ಟಿಕೊಟ್ಟೆ. ಅವರ ಮೇಲೆ ಎಷ್ಟು ಹೇಸಿಗೆಯಾಯಿತೋ, ಆ ಎಂಟಡಿ ನೋಡಿ ನನ್ನ ಮೇಲೂ ಅಷ್ಟೇ ಆಯಿತು.

ಟಿಪ್ಪರ್ ಮತ್ತೆ ಮಣ್ಣು ತರಲು ಹೋಯಿತು. ಮನೆಯ ಹಿಂದೆ ಉಳಿದಿದ್ದ ಕಲ್ಲು ಹೊತ್ತು ತಂದೆ, ಗಾರೆ ಕಲಸಿದೆ, ರೈಲಿನಲ್ಲಿ ಬಂದ ಬಟ್ಟೆಯಲ್ಲೇ ಆ ಐದಡಿ ಕಟ್ಟಲು ಕುಳಿತೆ. ಮೂರು ವರಸೆ ಕಲ್ಲು ಏರಿತು. ಟಿಪ್ಪರ್ ಬಂದು ಹಾರ್ನ್ ಹೊಡೆಯಿತು. ಬಾಲ್ಕನಿಗಳಲ್ಲಿ ಜನ ಮೊಬೈಲು ಹಿಡಿದು ನಿಂತರು. "ಅಂಕಲ್, ಇದೆಲ್ಲ ಸೀನ್ ಬೇಡ" ಅಂದ ಸೆಕ್ರೆಟರಿ.

"ಗಾರೆ ಹಸಿ ಉಂಟು. ಮುಟ್ಟಿದರೆ ಕೈ ಮುರಿಯುತ್ತೇನೆ" ಅಂದೆ. ಯಾರೂ ಮುಟ್ಟಲಿಲ್ಲ.

ಆಫೀಸು ತೆರೆದ ದಿನ ದೂರು ಕೊಟ್ಟೆ. ಸಂದು ಬಿಟ್ಟವನು ನಾನೇ ಎಂದೂ ಅದರಲ್ಲಿ ಬರೆದೆ. ತುಂಬಿಸುವುದು ನಿಂತಿತು. ಮೇಡಂಗೆ ಫೋನ್ ಮಾಡಿದರೆ, "ನಕ್ಷೆಯಲ್ಲಿ ಮೂರಡಿ ಇತ್ತಲ್ಲ ಮೇಸ್ತ್ರಿ" ಅಂದರು, ಅಷ್ಟೇ. ಅವರ ಆಫೀಸಿನ ಗೋಡೆಯಲ್ಲಿ ಈಗಲೂ ಇರುವುದು ಪೂರಾ ಹಸಿರಿನ ಹಳೆಯ ಫೋಟೋ.

ಮುದುಕಿಯ ಎದುರು ನಿಂತು ಹೇಳಿದೆ: "ಅರ್ಧ ಎಕರೆ ಹೋಯಿತು ಅಮ್ಮಚ್ಚಿ. ತಪ್ಪು ನನ್ನದು."

"ಇಪ್ಪತ್ತನಾಲ್ಕು ಮನೆ ಕಟ್ಟಿದವನಿಗೆ ಐದಡಿ ಕಟ್ಟಲಿಕ್ಕೆ ಆಗಲಿಲ್ಲವಾ?" ಅಂದರು. ಕೂರು ಅನ್ನಲಿಲ್ಲ.

ಮಣ್ಣು ತೆಗೆಯಬೇಕೆಂಬ ಆದೇಶ ಇನ್ನೂ ಬಂದಿಲ್ಲ. ಪಟ್ಟಂನ ಕೆಲಸ ಬಿಟ್ಟು ಬಂದಿದ್ದೇನೆ. ಈಗ ನನಗಿರುವುದು ಮನೆ ಒಂದು, ಮಿಕ್ಸರ್ ಎರಡು, ಕೆಲಸದವರು ಹನ್ನೊಂದು, ಮಾತು ಬಿಟ್ಟ ನೆರೆಮನೆ ಇಪ್ಪತ್ತಮೂರು, ದೂರಿನ ರಸೀದಿ ಒಂದು. ಗದ್ದೆ ಒಂದೂವರೆ ಎಕರೆ, ಅದರಲ್ಲಿ ನನ್ನ ಪಾಲು ಇಪ್ಪತ್ತನಾಲ್ಕರಲ್ಲಿ ಒಂದು.