ಅವ್ವನ ದನಿ, ತಮ್ಮನ ಟ್ಯಾಂಕು

ನನ್ನ ತಮ್ಮ ಸೈನ್ಯದಲ್ಲಿ ಟ್ಯಾಂಕು ಓಡಿಸುತ್ತಿದ್ದ. ನಿವೃತ್ತನಾಗಿ ಸವಣೂರಿನ ಮನೆಗೆ ಬಂದಾಗ ಆಳು ಗಟ್ಟಿಮುಟ್ಟಾಗಿಯೇ ಇದ್ದ, ಕಿವಿ ಮಾತ್ರ ಹೋಗಿದ್ದವು. ಎಂಜಿನ್ನಿನ ಗದ್ದಲ, ತೋಪಿನ ಸದ್ದು ಎರಡೂ ಸೇರಿ ತಿಂದುಹಾಕಿದ್ದವು. ಕಿವಿಯ ಮಷೀನು ಹಾಕಿದರೆ ತಲೆಯೆಲ್ಲ ಗುಂಯ್ ಎನ್ನುತ್ತದೆಂದು ಕಿತ್ತಿಟ್ಟ. ಎದುರು ಕೂತು ತುಟಿ ನೋಡಿದರಷ್ಟೇ ಅವನಿಗೆ ಮಾತು ತಿಳಿಯುವುದು.

"ಮಗ ಮನಿಗೆ ಬಂದ, ನನ್ನ ದನಿ ಅವಗ ಮುಟ್ಟವಲ್ದು" ಎಂದು ಅವ್ವ ನನ್ನ ಮುಂದೆ ಅಳುತ್ತಿದ್ದಳು.

ಒಂದು ದಿನ ರೊಟ್ಟಿ ಬಡಿಯುತ್ತಿದ್ದ ಅವ್ವನೆದುರು ಕೂತು ಅವನು ಟ್ಯಾಂಕು ಹುಟ್ಟಿದ ಕಥೆ ಹೇಳಿದ. ಕೆಸರಿನಲ್ಲಿ ಹೂತುಹೋಗದಂತೆ ಹೊಲಕ್ಕೆಂದು ಮಾಡಿದ್ದ ಸರಪಳಿಗಾಲಿಯ ಟ್ರ್ಯಾಕ್ಟರ್ ನೋಡಿಯೇ ಮೊದಲ ಟ್ಯಾಂಕು ಕಟ್ಟಿದರಂತೆ.

"ಹೊಲಾ ಹರಗೂ ಗಾಡಿಗೆ ತೋಪ ಕಟ್ಟಿದ್ರ? ಅವರ ಬಾಯಾಗ ಮಣ್ಣ ಹಾಕ!" ಎಂದಳು ಅವ್ವ.

ಅವನು ನಕ್ಕ. ಟ್ಯಾಂಕಿನೊಳಗೆ ಯಾರ ಮಾತೂ ಯಾರಿಗೂ ಕೇಳಿಸದು ಎಂದ. ಆಗಿನ ಒಂದು ಸಣ್ಣ ಟ್ಯಾಂಕಿನಲ್ಲಿ ಹಿಂದೆ ಎತ್ತರದಲ್ಲಿದ್ದ ಮುಖ್ಯಸ್ಥ, ಎಡಕ್ಕೆ ಹೋಗಬೇಕಾದರೆ ಚಾಲಕನ ಎಡಭುಜಕ್ಕೆ ಒದೆಯುತ್ತಿದ್ದನಂತೆ, ಬಲಕ್ಕಾದರೆ ಬಲಭುಜಕ್ಕೆ.

"ನೀನೂ ಹಂಗ ಒದಿ ಬೇ, ಹೊಳ್ಳಿ ನೋಡ್ತೇನಿ."

"ಅಯ್ಯ ಶಿವನ! ಕಸಬರಿಗಿಗೆ ಕಾಲ ತಾಗಿದ್ರ ಕಣ್ಣಿಗೊತ್ತಿಗೊಳ್ಳಾಕಿ ನಾ. ಹೊಟ್ಟ್ಯಾಗ ಹುಟ್ಟಿದ ಮಗನ್ನ ಒದೀಲೇನು?"

ಅಂದಿನಿಂದ ಅವ್ವ ಕೈಯಿಂದ ಅವನ ಭುಜ ತಟ್ಟತೊಡಗಿದಳು. ತಟ್ಟಿದ ಕೂಡಲೇ ಅವನು ಹೊರಳುತ್ತಿದ್ದ, ಇಬ್ಬರೂ ಹರಟೆಗೆ ಕೂರುತ್ತಿದ್ದರು. ಚಲೋ ದಿನಗಳು ಅವು.

ಆಮೇಲೆ ಅವ್ವ ಹಾಸಿಗೆ ಹಿಡಿದಳು. ನಾನು ಗಂಡನ ಮನೆ ಯಲವಿಗಿಯಿಂದ ಬಂದು ನೋಡಿಕೊಳ್ಳುತ್ತಿದ್ದೆ. ಅಂದು ತಮ್ಮ ಮಂಚದ ಕಾಲ್ದೆಸೆಗೆ ಬೆನ್ನು ಆನಿಸಿ ನೆಲದ ಮೇಲೆ ಕೂತು, ಅವಳಿಗೆ ಕುಟ್ಟಿಕೊಡಲು ವೀಳ್ಯದೆಲೆಯ ನಾರು ತೆಗೆಯುತ್ತಿದ್ದ. ಅವಳ ಕೈಗೆ ಅವನು ಎಟುಕುತ್ತಿರಲಿಲ್ಲ. ಕಾಲಿಗೆ ಒಂದು ಗೇಣು ದೂರ.

"ಇತ್ತ ಹೊಳ್ಳೋ ನಮ್ಮಪ್ಪ" ಎಂಬ ಅವ್ವನ ದನಿ ಅಡಿಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಮತ್ತೊಮ್ಮೆ ಕೇಳಿಸಿತು. ಓಡಿ ಬರುವಷ್ಟರಲ್ಲಿ ಅವಳ ಕಣ್ಣು ನಿಂತಿದ್ದವು. ಕಾಲು ಒಂದಿಷ್ಟು ಚಾಚಿದ್ದರೆ ಸಾಕಿತ್ತು! ಮಡಚಿಕೊಂಡೇ ಹೋಗಿದ್ದಳು. ಸತ್ತವಳ ಮೇಲೆ ನನಗೆ ಎಂಥಾ ಸಿಟ್ಟು ಬಂತು.

ತಮ್ಮ ಇನ್ನೂ ನಾರು ತೆಗೆಯುತ್ತಿದ್ದ. ನನ್ನ ಮುಖ ನೋಡಿ ಹೊರಳಿದ. ಅವ್ವನ ಕಣ್ಣು ಮುಚ್ಚಿ, "ಅಕ್ಕಾ, ನನ್ನ ಕರದ್ಲೇನು?" ಎಂದ.

ಹೌದೆಂದು ತಲೆಯಾಡಿಸಿದೆ.

"ಏನಂದ್ಲು?"

ಹೇಳಿದೆ. ಮತ್ತೆ ಹೇಳಿದೆ. ಅವನು ಎರಡೂ ಕೈಯಿಂದ ನನ್ನ ಗದ್ದ ಹಿಡಿದ.

"ಅಳಬ್ಯಾಡ ಅಕ್ಕಾ. ತುಟಿ ನಡುಗಾಕತ್ತಾವು, ನನಗ ತಿಳಿಯವಲ್ದು."